ಹೊಂಡದ ಸರದಿ

ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಏನು ತಪ್ಪಿದರೂ ಮೊದಲು ಗೊತ್ತಾಗುವುದು ನನಗೆ. ನಾನು ಚಾಡಿ ಹೇಳುವವಳಲ್ಲ, ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಎದ್ದ ಕೂಡಲೇ ಹತ್ತಿಯುಂಡೆಗೆ ಚುಚ್ಚಿಟ್ಟ ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸೂಜಿಯ ಕಣ್ಣು ನಿನ್ನೆಯಷ್ಟೇ ಇದ್ದರೆ ಊರು ನೆಟ್ಟಗಿದೆ. ಒಂದು ಎಳೆಯಷ್ಟು ಅಗಲವಾಗಿದ್ದರೆ ನಿನ್ನೆ ಯಾರೋ ಹೊಂಡಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಹಾಕಿಲ್ಲ ಎಂದರ್ಥ. ಆಗ ಸೆರಗು ಸಿಕ್ಕಿಸಿಕೊಂಡು ಸರದಿ ತಪ್ಪಿಸಿದವರ ಬಾಗಿಲಿಗೆ ಹೋಗಿ, ಅವರ ಏಳು ತಲೆಮಾರನ್ನೂ ನೆನೆದು ಬರುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನನಗಿಂತ ಮೊದಲು ನಮ್ಮವ್ವ ಇದೇ ಕೆಲಸ ಮಾಡುತ್ತಿದ್ದಳು, ಅವಳ ಬಾಯಿ ಇನ್ನೂ ಜೋರಾಗಿತ್ತು.

ಹೊಂಡ ಊರಿನ ನಡುವೆಯೇ ಇದೆ. ಕೆಂಪು ನೀರು, ಕೈ ಇಟ್ಟರೆ ಬೇಯುವಷ್ಟು ಬಿಸಿ, ನಾಲಿಗೆಗೆ ಇಟ್ಟರೆ ಹುಣಸೆಹಣ್ಣಿಗಿಂತ ಹುಳಿ. ಅದರಲ್ಲಿ ಮೀನಿಲ್ಲ, ಕಪ್ಪೆಯಿಲ್ಲ. ಆದರೆ ಅದಕ್ಕೆ ಹಸಿವಾಗುತ್ತದೆ. ಹಸಿವಾದರೆ ಕಬ್ಬಿಣ ತಿನ್ನುತ್ತದೆ. ಕೂತಲ್ಲಿಂದಲೇ ತಿನ್ನುತ್ತದೆ, ಊರ ಗಡಿಕಲ್ಲಿನ ತನಕ. ಮೊದಲು ಸೂಜಿ, ಆಮೇಲೆ ಮೊಳೆ, ಚಿಲಕ, ಕುಡುಗೋಲು. ಅಕ್ಕಿ ತೊಳೆದ ನೀರು ದಿನಕ್ಕೊಂದು ಹಂಡೆ ಹಾಕಿದರೆ ಮಾತ್ರ ಮನೆಯ ಹಸುವಿನಂತೆ ಸುಮ್ಮನಿರುತ್ತದೆ. ಅದಕ್ಕೇ ಸರದಿ. ಊರಿನಲ್ಲಿ ಯಾರ ಒಲೆಯ ಮೇಲೆ ಅನ್ನ ಬೇಯುತ್ತದೋ ಅವರಿಗೆಲ್ಲ ಸರದಿ ಉಂಟು. ಬಡವ ಬಲ್ಲಿದ ಇಲ್ಲ, ಊರವರು ಪರವೂರವರು ಇಲ್ಲ. ಹಿಂದೊಮ್ಮೆ ಹೊಸದಾಗಿ ಬಂದ ಪೊಲೀಸಿನವನು ತಾನು ಸರ್ಕಾರದವನು, ತನಗೆಂಥ ಸರದಿ ಅಂದ. ಮಾರನೇ ದಿನ ಅವನ ಬೂಟಿನ ಮೊಳೆಗಳೆಲ್ಲ ಹೋಗಿ, ಅಟ್ಟೆ ಪಟಪಟ ಬಡಿಸುತ್ತಾ ಠಾಣೆಗೆ ನಡೆದ. ಆಮೇಲೆ ವರ್ಗವಾಗುವ ತನಕ ಯೂನಿಫಾರಂ ಹಾಕಿಕೊಂಡೇ ಹಂಡೆ ಹೊತ್ತು ಬರುತ್ತಿದ್ದ.

ಇಂಥ ಊರಿಗೆ ಮೂರು ವರ್ಷಕ್ಕೊಮ್ಮೆ ವಿಜ್ಞಾನಿಗಳು ಬರುತ್ತಾರೆ. 'ಪರಿಸರ ಜೀವಭೂರಸಾಯನ ಮತ್ತು ಅತಿಕಠಿಣ ಸ್ಥಿತಿಗಳಲ್ಲಿ ಜೀವ: ಅಂತಾರಾಷ್ಟ್ರೀಯ ಸಮ್ಮೇಳನ' ಅಂತ ಅದಕ್ಕೆ ಹೆಸರು. ಆ ಹೆಸರಿನ ಬ್ಯಾನರನ್ನು ಶಾಲೆಯ ಗೇಟಿನಿಂದ ಕಟ್ಟಲು ಶುರು ಮಾಡಿದರೆ ಅಂಚೆ ಕಚೇರಿಯ ಬೇವಿನ ಮರಕ್ಕೆ ಮುಗಿಯುತ್ತದೆ. ಅತಿಕಠಿಣ ಸ್ಥಿತಿಯಲ್ಲಿ ಜೀವ ಹೇಗೆ ಬದುಕುತ್ತದೆ ಎಂದು ಮಾತಾಡಲು ಬರುವ ಇನ್ನೂರು ಜನ ದಿಂಬು, ಬಾಟಲಿ ನೀರು, ಸೊಳ್ಳೆಗೆ ಹಚ್ಚುವ ಎಣ್ಣೆ, ಕೂತು ಹೋಗುವ ಕಕ್ಕಸು ಇಷ್ಟನ್ನೂ ಜೊತೆಗೆ ತರುತ್ತಾರೆ. ಹೋದ ಸಲ ಒಬ್ಬರು ಫ್ಯಾನು ನಿಂತಿತೆಂದು ಅರ್ಧ ದಿನ ಅಳುಮುಖ ಮಾಡಿಕೊಂಡು ಕೂತಿದ್ದರು. ಜ್ವಾಲಾಮುಖಿಯೊಳಗಿನ ಹುಳದ ಬಗ್ಗೆ ಅವರದೇ ಭಾಷಣವಿತ್ತು.

ಸಮ್ಮೇಳನದ ಮುಖ್ಯಸ್ಥರು ಪ್ರೊಫೆಸರ್ ವಾಮನಮೂರ್ತಿ. ಬೆಳ್ಳಗಿನ, ಮೃದು ಮಾತಿನ ಮನುಷ್ಯ, ಯಾರನ್ನು ಕಂಡರೂ ಕೈ ಮುಗಿಯುತ್ತಾರೆ. ಹೊಂಡದಲ್ಲಿ ಕಣ್ಣಿಗೆ ಕಾಣದ ಒಂದು ಜೀವ ಇದೆಯೆಂದೂ, ಕಬ್ಬಿಣ ತಿನ್ನುವುದು ಅದೇ ಎಂದೂ ಕಂಡುಹಿಡಿದವರು ಅವರೇ. ನಮ್ಮಜ್ಜಿಯೂ ಅಷ್ಟನ್ನೇ ಹೇಳುತ್ತಿದ್ದಳು, ಆದರೆ ಅವಳಿಗೆ ಅದಕ್ಕೊಂದು ಲ್ಯಾಟಿನ್ ಹೆಸರಿಡಲು ಬರಲಿಲ್ಲ.

ಈ ಸಲ ಅವರು ಸಮ್ಮೇಳನಕ್ಕೆ ಇಪ್ಪತ್ತು ದಿನ ಮುಂಚೆಯೇ ಬಂದು, ಹೊಂಡವನ್ನು ಅದರ ಸಹಜ ಸ್ಥಿತಿಯಲ್ಲಿ ಅಳೆಯಬೇಕು ಅಂದರು. ಸಹಜ ಸ್ಥಿತಿ ಅಂದರೆ ನಾವಿಲ್ಲದ ಸ್ಥಿತಿ. ಅಕ್ಕಚ್ಚು ಹಾಕುವುದು ಮಾಲಿನ್ಯವಂತೆ. ಪಂಚಾಯಿತಿ ಅಧ್ಯಕ್ಷ ಬೋರಲಿಂಗಯ್ಯನಿಗೆ ಒಂದು ಶಾಲು, ಒಂದು ಗಂಧದ ಹಾರ, ಹೆಸರು ಕೆತ್ತಿದ ಫಲಕ ಸಿಕ್ಕಿತು. ಅವನು ಹೊಂಡವನ್ನು ಸಂರಕ್ಷಿತ ತಾಣವೆಂದು ಠರಾವು ಮಾಡಿ ರುಜು ಹಾಕಿದ. ಅಕ್ಕಚ್ಚು ಸುರಿದವರಿಗೆ ಮೂರು ತಿಂಗಳ ಸಜೆ ಅಂತ ಬೋರ್ಡು ಬಂತು.

ಮೊದಲು ಕಬ್ಬಿಣದ ತಂತಿಬೇಲಿ ಹಾಕಿದರು. ಅಷ್ಟೆಲ್ಲ ಓದಿದವರು ಕಬ್ಬಿಣ ತಿನ್ನುವ ಹೊಂಡಕ್ಕೆ ಕಬ್ಬಿಣದ ಬೇಲಿ ಹಾಕಿದ್ದನ್ನು ನೋಡಿ ನಾವು ಬಾಯಿಗೆ ಸೆರಗು ಹಿಡಿದು ನಕ್ಕೆವು. ಆರು ದಿನ ಹೊಂಡ ಬೇಲಿಯನ್ನೇ ಉಂಡು ಸುಮ್ಮನಿತ್ತು. ಏಳನೇ ದಿನ ಪ್ರೊಫೆಸರು ಬೇಲಿಯಿದ್ದ ಜಾಗದಲ್ಲಿ ಬರೀ ಕಲ್ಲುಕಂಬ ಕಂಡು ಕುಣಿದಾಡಿದರು, ಫೋಟೋ ತೆಗೆಸಿದರು, ಆಮೇಲೆ ಬಿದಿರು ನೆಟ್ಟು ನೈಲಾನ್ ಬಲೆ ಕಟ್ಟಿಸಿ ಇಬ್ಬರು ಸೆಕ್ಯೂರಿಟಿಯವರನ್ನು ನಿಲ್ಲಿಸಿದರು. ಅಲ್ಲಿಗೆ ನಮ್ಮ ನಗು ಮುಗಿಯಿತು.

ಮೊದಲು ನನ್ನ ಸೂಜಿಗಳು ಒಂದೊಂದಾಗಿ ಹೋದವು. ಆಗ ನಾನು ಸಮ್ಮೇಳನಕ್ಕೇ ಇನ್ನೂರು ಬಟ್ಟೆಚೀಲ ಹೊಲಿಯುತ್ತಿದ್ದೆ. ಚೀಲದ ಮೇಲೆ ಆ ಉದ್ದದ ಹೆಸರು ಹಿಡಿಸದೆ 'ಅತಿಕಠಿಣ ಸ್ಥಿತಿಗಳಲ್ಲಿ' ಎಂಬಲ್ಲಿಗೇ ನಿಂತಿತ್ತು, ಮುಂದಿನ ಜೀವ ಎಂಬುದಕ್ಕೆ ಜಾಗವಿರಲಿಲ್ಲ. ಕೊನೆಯ ಚೀಲಕ್ಕೆ ಬರುವ ಹೊತ್ತಿಗೆ ನಮ್ಮವ್ವನ ಕಾಲದ ಹೊಲಿಗೆ ಮಿಷನ್ನು ಕೈಯಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಎರಡು ದಿನದಲ್ಲಿ ಮರದ ಹಲಗೆ, ಚರ್ಮದ ಬೆಲ್ಟು ಎರಡೇ ಉಳಿದವು. ನಾನು ಆ ಹಲಗೆಯ ಮುಂದೆ ಕೂತು ಅತ್ತೆ. ಬಾಗಿಲುಗಳು ಕೀಲು ಬಿಟ್ಟು ಬಿದ್ದವು, ಜನ ಚಾಪೆ ನೇತುಹಾಕಿಕೊಂಡರು. ಸಮ್ಮೇಳನದವರ ಸಾಮಾನು ಮಾತ್ರ ಒಂದೂ ಕೆಡಲಿಲ್ಲ. ಕುರ್ಚಿ ಪ್ಲಾಸ್ಟಿಕ್ಕು, ಯಂತ್ರಗಳೆಲ್ಲ ಅಲ್ಯೂಮಿನಿಯಂ, ಬಸ್ಸುಗಳು ಎರಡು ಮೈಲಿ ದೂರದಲ್ಲಿ ಗಡಿಕಲ್ಲಿನ ಆಚೆ. ಕಬ್ಬಿಣ ಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತಾಯಿತು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆವೇನೋ. ನನ್ನ ಮಗಳು ಜಯಶೀಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಎಂಟು ತಿಂಗಳು. ಒಂದು ಬೆಳಿಗ್ಗೆ ಹೊಸ್ತಿಲು ದಾಟುವಾಗ ಕಣ್ಣು ಕತ್ತಲಿಟ್ಟು ಕೂತುಬಿಟ್ಟಳು. ಆಸ್ಪತ್ರೆಯ ನರ್ಸಮ್ಮ ಪಾರ್ವತಕ್ಕ ಬಂದು ಅವಳ ಕೆಳಗಣ್ಣಿನ ರೆಪ್ಪೆ ಮಗುಚಿ ನೋಡಿದಳು. ಕೆಂಪಿರಬೇಕಾದ ಕಡೆ ಸುಣ್ಣದ ಬಿಳುಪು.

"ಊರ್ನಾಗಿರೋ ಕಬ್ಬಿಣ ಮುಗೀತು ಕಣ್ ದೇವೀರಮ್ಮ," ಅಂದಳು ಪಾರ್ವತಕ್ಕ. "ಈಗ ಮೈಯಾಗಿರೋದಕ್ಕೆ ಬಾಯಿ ಹಾಕೈತೆ."

"ಕಬ್ಬಿಣದ ಗುಳಿಗೆ ಕೊಡು ಮತ್ತೆ!"

ಅವಳು ಚೀಲದಿಂದ ಡಬ್ಬಿ ತೆಗೆದು ನನ್ನ ಅಂಗೈಗೆ ಸುರಿದಳು. ಗುಳಿಗೆಗಳ ಬಣ್ಣವೆಲ್ಲ ಹೋಗಿ ಬಳಪದ ಪುಡಿಯಾಗಿತ್ತು.

"ಗಡಿಕಲ್ಲು ದಾಟಿಸಿ ಅವಳ ಗಂಡನ ಊರಿಗೆ ಕಳಿಸ್ತೀನಿ," ಅಂದೆ.

"ಗಾಡಿ ಚಕ್ರದ ಕಬ್ಬಿಣದ ಪಟ್ಟಿ ಒಂದೂ ಉಳ್ದಿಲ್ಲ. ಮಂಚದ ಮೇಲೆ ಹೊತ್ಕೊಂಡು ಎರಡು ಮೈಲಿ ಅಲ್ಲಾಡಿಸ್ಕೊಂಡು ಹೋದ್ರೆ ಅರ್ಧ ದಾರೀಲೇ ನೋವು ಶುರುವಾಯ್ತದೆ. ಸುರಿಯಾಕೆ ಅವಳ ಮೈಯಾಗೆ ರಕ್ತ ಎಲ್ಲೈತೆ? ಸುಮ್ಕೆ ಮಲಗ್ಸು. ಹೊಂಡಕ್ಕೆ ಹೊಟ್ಟೆಗೆ ಹಾಕೋ ದಾರಿ ನೋಡು."

ದಾರಿ ನೋಡಿದೆವು. ಹಾಲಗಮ್ಮಜ್ಜಿ ಸೊಂಟದ ಮೇಲೆ ಮಡಕೆ ಇಟ್ಟುಕೊಂಡು ಬಲೆಯ ಹತ್ತಿರ ಹೋಗಿದ್ದಕ್ಕೆ ಸೆಕ್ಯೂರಿಟಿಯವರು ಮಡಕೆ ಕಿತ್ತು ಒಡೆದರು, ಎಂಬತ್ತು ವರ್ಷದ ಮುದುಕಿಯನ್ನು ಮೂರು ತಾಸು ಶಾಲೆಯ ಕೋಣೆಯಲ್ಲಿ ಕೂರಿಸಿದರು. ಬೋರಲಿಂಗಯ್ಯ ಬಂದು, "ಊರಿನ ಮಾನ ಕಳೀಬ್ಯಾಡಿ, ಫಾರಿನ್ನೋರು ಬಂದವ್ರೆ," ಅಂತ ಅವಳಿಗೇ ಬೈದ. ಅವನ ಮುಖವೂ ಬಿಳುಚಿಕೊಂಡಿತ್ತು, ಹಾರ ಹಾಕಿಸಿಕೊಂಡ ಮೇಲೆ ಹಾಗಾಗಿರಬಹುದೆಂದು ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಸಮ್ಮೇಳನದ ಮೊದಲ ದಿನ ನಾನು ಪ್ರೊಫೆಸರ ಹತ್ತಿರ ಹೋದೆ. ಕೈ ಮುಗಿದರು, ಕುರ್ಚಿ ಹಾಕಿಸಿದರು, ಟೀ ಕೊಟ್ಟರು.

"ಸ್ವಾಮಿ, ಒಂದೇ ಒಂದು ಹಂಡೆ. ನನ್ನ ಮಗಳು ಬಸುರಿ, ಬಿಳಿಚ್ಕೊಂಡವ್ಳೆ. ಒಂದು ಹಂಡೆ ಹಾಕಿದ್ರೆ ಇವತ್ತಿಗೆ ಸುಮ್ಕಾಯ್ತದೆ."

"ಅಮ್ಮಾ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ," ಅಂದರು. ಅವರಿಗೆ ಎಲ್ಲವೂ ಅರ್ಥವಾಗುತ್ತದೆ. "ಆದರೆ ಇನ್ನು ಮೂರೇ ದಿನ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಅಳತೆ. ಒಂದು ಲೋಟ ಅಕ್ಕಚ್ಚು ಬಿದ್ದರೂ ಮೂರು ವರ್ಷದ ಕೆಲಸ ಮಣ್ಣುಪಾಲು. ಇಡೀ ಜಗತ್ತು ಈ ಹೊಂಡವನ್ನು ನೋಡುತ್ತಿದೆ."

"ಜಗತ್ತು ನೋಡ್ಲಿ ಸ್ವಾಮಿ. ನನ್ನ ಮಗಳನ್ನ ಯಾರು ನೋಡ್ತಾರೆ?"

"ನಾವೇ ನೋಡುತ್ತೇವೆ," ಅಂದರು ಪ್ರೊಫೆಸರು, ಮುಖ ಅರಳಿಸಿ. ಅಂದು ಮಧ್ಯಾಹ್ನವೇ ತಬಸ್ಸುಮ್ ಎಂಬ ಹುಡುಗಿಯನ್ನು ಮನೆಗೆ ಕಳಿಸಿದರು. ಅವಳು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಜಯಶೀಲಳ ಬೆರಳು ಚುಚ್ಚಿ ರಕ್ತ ತೆಗೆದಳು, ರೆಪ್ಪೆ ಮಗುಚಿ ಫೋಟೋ ಹಿಡಿದಳು. ಅವಳು ಔಷಧಿ ಕೊಡಲು ಬಂದವಳೆಂದು ತಿಳಿದು ನಾನು ಮಜ್ಜಿಗೆ ಕೊಟ್ಟೆ.

"ಔಷಧಿ ಯಾವಾಗ ಕೊಡ್ತೀಯವ್ವ?" ಎಂದು ಕೇಳಿದೆ. ಅವಳು ಮಜ್ಜಿಗೆಯ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಎದ್ದು ಹೋದಳು.

ಎರಡನೆಯ ದಿನ ನನ್ನನ್ನು ಸಮ್ಮೇಳನಕ್ಕೆ ಕರೆದರು. ಚೀಲ ಹೊಲಿದವಳಿಗೆ ಮಾರನೇ ದಿನದ ಸಮಾರೋಪದಲ್ಲಿ ಸನ್ಮಾನವಂತೆ, ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಎಂದು ತೋರಿಸಲು ಕರೆದದ್ದು. ಒಳಗೆ ಭಾಷಣ ನಡೆಯುತ್ತಿತ್ತು. ಅರ್ಧ ಜನ ಕತ್ತು ಇಳಿಬಿಟ್ಟು ನಿದ್ದೆ ಹೋಗಿದ್ದರು. ಹೊಂಡ ಅವರ ರಕ್ತಕ್ಕೂ ಬಾಯಿ ಹಾಕಿತ್ತು, ಆದರೆ ಭಾಷಣ ಕೇಳಿ ಹೀಗಾಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಪ್ರೊಫೆಸರು ಏನೋ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಕಣ್ಣು ಮೂಡಿತು, ಗೋಡೆಯಷ್ಟು ದೊಡ್ಡ ಕಣ್ಣು. ರೆಪ್ಪೆ ಮಗುಚಿದ್ದು, ಒಳಗೆಲ್ಲ ಬಿಳಿ. ಎಡಗಣ್ಣಿನ ಮೂಲೆಯಲ್ಲಿ ಸಣ್ಣ ಕರಿಮಚ್ಚೆ. ಆ ಮಚ್ಚೆಯನ್ನು ನಾನು ಇಪ್ಪತ್ತಮೂರು ವರ್ಷದಿಂದ ಬಲ್ಲೆ.

"ಇದು ಜೆ-ಒಂದು," ಅಂದರು ಪ್ರೊಫೆಸರು. "ಜೀವಂತ ದೇಹದ ರಕ್ತದಿಂದಲೂ ನಮ್ಮ ಜೀವಿ ಕಬ್ಬಿಣ ಪಡೆಯಬಲ್ಲದು ಎಂಬುದಕ್ಕೆ ಜಗತ್ತಿನ ಮೊದಲ ಪುರಾವೆ. ಎಂಥ ಹೊಂದಾಣಿಕೆ! ಎಂಥ ಛಲ!"

ಮಲಗಿದ್ದವರೂ ಎದ್ದು ಚಪ್ಪಾಳೆ ತಟ್ಟಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಬೆಕ್ಕು ಚಪ್ಪಾಳೆ ತಟ್ಟುವುದನ್ನು ನಾನು ಅಂದೇ ನೋಡಿದ್ದು. ಆ ಪರದೆಯನ್ನು ಹರಿದು ಹಾಕಬೇಕೆನಿಸಿತು, ಆದರೆ ಕೈಯಲ್ಲಿ ಕತ್ತರಿಯೂ ಇರಲಿಲ್ಲ. ಎದ್ದು ಹಿಂಬಾಗಿಲಿನಿಂದ ಹೊರಗೆ ಬಂದೆ.

ಹಿಂಬಾಗಿಲಿನ ಆಚೆ ಅಡುಗೆ ಚಪ್ಪರ. ಇನ್ನೂರು ಜನರ ಅಡುಗೆಗೆ ಬೇರೆ ಯಾರೂ ಸಿಕ್ಕದೆ ನಮ್ಮೂರ ಹೆಂಗಸರನ್ನೇ ಇಟ್ಟಿದ್ದರು. ಹಾಲಗಮ್ಮಜ್ಜಿ ಅಲ್ಲಿ ಅಕ್ಕಿ ತೊಳೆಯುತ್ತಿದ್ದಳು. ತೊಳೆದ ನೀರು ಬಿಳಿಯ ಹಾಲಿನಂತೆ ಕಾಲುವೆ ಹಿಡಿದು, ಹೊಂಡದ ಕಡೆಗಲ್ಲ, ಅದಕ್ಕೆ ಬೆನ್ನು ಮಾಡಿ ಶಾಲೆಯ ಹಿಂದಿನ ಇಂಗುಗುಂಡಿಗೆ ಹರಿಯುತ್ತಿತ್ತು. ಆ ಕಾಲುವೆಯನ್ನು ಹಾಗೆ ತಿರುಗಿಸಿದ್ದೂ ಪ್ರೊಫೆಸರೇ. ಹಳೆಯ ಕಾಲುವೆ ಮಣ್ಣು ಮುಚ್ಚಿಕೊಂಡು ಅಲ್ಲೇ ಪಕ್ಕದಲ್ಲಿತ್ತು, ಇಳಿಜಾರು ನೆಟ್ಟಗೆ ಹೊಂಡಕ್ಕೆ.

"ಅಜ್ಜೀ, ನಾಳೆ ಸಮಾರೋಪದ ಊಟಕ್ಕೆ ಎಷ್ಟು ಅಕ್ಕಿ?" ಎಂದು ಕೇಳಿದೆ.

"ಎರಡು ಮೂಟೆ. ಬಿಸಿಬೇಳೆಬಾತು, ಮೊಸರನ್ನ, ಅಕ್ಕಿ ಪಾಯಸ." ಅಜ್ಜಿ ನನ್ನ ಮುಖ ನೋಡಿದಳು, ಮುಚ್ಚಿದ ಕಾಲುವೆಯನ್ನು ನೋಡಿದಳು. "ಹಾರೆ ಗುದ್ದಲಿ ಒಂದೂ ಇಲ್ವಲ್ಲೇ."

"ತೆಂಗಿನ ಚಿಪ್ಪೈತಲ್ಲ."

ಮೂರನೆಯ ದಿನ ಜಯಶೀಲ ಬೆಳಿಗ್ಗೆ ಏಳಲೇ ಇಲ್ಲ. ಕರೆದರೆ ಹೂಂ ಅನ್ನುತ್ತಿದ್ದಳು, ಕಣ್ಣು ಬಿಡುತ್ತಿರಲಿಲ್ಲ. ಪಾರ್ವತಕ್ಕನನ್ನು ಅವಳ ತಲೆದೆಸೆಯಲ್ಲಿ ಕೂರಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಸನ್ಮಾನಕ್ಕೆ ಹೊರಟೆ. ಮಗಳನ್ನು ಹಾಗೆ ಬಿಟ್ಟು ಶಾಲು ಹೊದೆಸಿಕೊಳ್ಳಲು ಹೋಗುವ ತಾಯಿಯನ್ನು ಯಾರಾದರೂ ನೋಡಿದ್ದರೆ ಮುಖಕ್ಕೆ ಉಗಿಯುತ್ತಿದ್ದರು. ಆದರೆ ನಾನು ಕುರ್ಚಿಯಲ್ಲಿ ಕಾಣದಿದ್ದರೆ ಪ್ರೊಫೆಸರಿಗೆ ಅನುಮಾನ ಬರುತ್ತಿತ್ತು.

ಹನ್ನೊಂದು ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಪರದೆಯ ಮೇಲೆ ಒಂದು ಕೆಂಪು ಗೆರೆ ಮೇಲೆ ಮೇಲೆ ಏರುತ್ತಿತ್ತು. ಹೊಂಡದ ಹಸಿವು ಅದು. ಅಲ್ಲಿ ಇಳಿಬಿಟ್ಟ ಯಂತ್ರ ಅಳೆದು ಇಲ್ಲಿಗೆ ಕಳಿಸುತ್ತಿತ್ತು. ಗೆರೆ ಏರಿದ ಹಾಗೆ ಸಭೆಯವರು ಬಿಳುಚಿದ ಮುಖದಲ್ಲೇ ನಗುತ್ತಿದ್ದರು. ಹೊಂಡದ ಹತ್ತಿರ ಯಂತ್ರಕ್ಕೆ ಕಾವಲಿದ್ದವಳು ತಬಸ್ಸುಮ್. ಅಡುಗೆ ಚಪ್ಪರದ ಹೆಂಗಸರು ಚಿಪ್ಪು ಹಿಡಿದು ಮಣ್ಣು ಕೆರೆಯುವುದು ಅವಳು ನಿಂತ ಜಾಗಕ್ಕೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಅಜ್ಜಿ ಹೇಳಿದಳು: ಆ ಹುಡುಗಿ ನೋಡಿದಳು, ಆಮೇಲೆ ಸೆಕ್ಯೂರಿಟಿಯವರಿಗೆ, "ಮೊದಲ ಪಂಕ್ತಿ ಊಟ ನಿಮಗೇ ಅಂತೆ, ಹೋಗಿ," ಅಂತ ಹೇಳಿ ಕಳಿಸಿದಳು.

ನನ್ನನ್ನು ವೇದಿಕೆಗೆ ಕರೆದರು. ಬೋರಲಿಂಗಯ್ಯ ತಟ್ಟೆ ಹಿಡಿದ, ಪ್ರೊಫೆಸರು ಶಾಲು ಬಿಡಿಸಿದರು. 'ಸ್ಥಳೀಯ ಸಮುದಾಯದ ಅಮೂಲ್ಯ ಸಹಕಾರ' ಎಂದು ಯಾರೋ ಮೈಕಿನಲ್ಲಿ ಓದುತ್ತಿದ್ದರು. ಶಾಲು ನನ್ನ ಹೆಗಲಿಗೆ ಬೀಳುವುದಕ್ಕೂ ಪರದೆಯ ಕೆಂಪು ಗೆರೆ ತಲೆ ತಗ್ಗಿಸುವುದಕ್ಕೂ ಸರಿಹೋಯಿತು. ಗೆರೆ ಬಾಗಿತು, ಇಳಿಯಿತು, ಜಾರುತ್ತಾ ಜಾರುತ್ತಾ ನೆಲ ಮುಟ್ಟಿ ಉದ್ದಕ್ಕೆ ಮಲಗಿಬಿಟ್ಟಿತು.

"ಸತ್ತುಹೋಯಿತು!" ಎಂದು ಮುಂದಿನ ಸಾಲಿನಲ್ಲಿ ಯಾರೋ ಕೂಗಿದರು. ಇನ್ನೂರು ಜನ ಎದ್ದು ನಿಂತರು. ಒಬ್ಬರು ಹೆಂಗಸು ಅಳುವುದಕ್ಕೇ ಶುರು ಮಾಡಿದರು. ಆ ಮೂರು ದಿನದಲ್ಲಿ ಅವರ್ಯಾರ ಕಣ್ಣಲ್ಲೂ ನೀರು ನೋಡಿರಲಿಲ್ಲ ನಾನು. ಅಷ್ಟರಲ್ಲಿ ತಬಸ್ಸುಮ್ ಓಡಿಬಂದಳು, ಕೈಯಲ್ಲಿ ಹೊಂಡದ ನೀರಿನ ಶೀಶೆ.

"ಸತ್ತಿಲ್ಲ ಸರ್," ಅಂದಳು ಏದುಸಿರು ಬಿಡುತ್ತಾ. "ಅದಕ್ಕೆ ಹೊಟ್ಟೆ ತುಂಬಿದೆ."

ಪ್ರೊಫೆಸರು ಶೀಶೆ ಮೂಸಿ ನೋಡಿದರು. ಅಕ್ಕಿ ತೊಳೆದ ನೀರಿನ ವಾಸನೆ ಯಾರ ಮೂಗಿಗೂ ಗೊತ್ತು. ಅವರ ಮೃದು ಮಾತೆಲ್ಲ ಅವತ್ತು ಎಲ್ಲಿ ಹೋಯಿತೋ!

"ಯಾರು? ಯಾರು ಹಾಕಿದ್ದು? ಸಂರಕ್ಷಿತ ತಾಣ ಇದು! ಇವತ್ತು ಯಾರ ಮನೆಯ ಸರದಿ? ಹೇಳಮ್ಮ, ನಿನಗೇ ಗೊತ್ತಿರುತ್ತದೆ!"

ಮೈಕು ನನ್ನ ಮುಂದೆಯೇ ಇತ್ತು. ನಾನು ಅದನ್ನು ಹಿಡಿದುಕೊಂಡೆ.

"ನಿಮ್ಮದೇ ಸ್ವಾಮಿ. ನಿಮ್ಮ ಒಲೆ, ನಿಮ್ಮ ಅಕ್ಕಿ, ಎರಡು ಮೂಟೆ. ಒಂಬತ್ತು ವರ್ಷದಿಂದ ಬಂದು ನಮ್ಮೂರ್ನಾಗೆ ಉಣ್ತಿದೀರಿ, ಒಂದು ದಿನಾನೂ ಸರದಿ ಮಾಡಿರಲಿಲ್ಲ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಇವತ್ತು ಬಂದ್ರಿ. ಸಜೆ ಅಂತ ಬೋರ್ಡು ಹಾಕಿದೀರಲ್ಲ, ಈ ಅಕ್ಕಿ ಯಾರದ್ದು ಅಂತ ಪೊಲೀಸ್ನೋರಿಗೆ ನೀವೇ ಹೇಳಿ."

ಬೋರಲಿಂಗಯ್ಯ ಖಾಲಿ ತಟ್ಟೆಯನ್ನು ಹಿಡಿದುಕೊಂಡೇ ನನ್ನನ್ನೂ ಪ್ರೊಫೆಸರನ್ನೂ ಸರದಿಯಂತೆ ನೋಡುತ್ತಿದ್ದ. ನಾನು ಶಾಲನ್ನು ಅವನ ತಟ್ಟೆಗೆ ಹಾಕಿ ಮೆಟ್ಟಿಲಿಳಿದು ಮನೆಗೆ ಓಡಿದೆ. ಹಿಂದೆ ಯಾರೂ ಬರಲಿಲ್ಲ. ಆಮೇಲೆ ತಿಳಿದದ್ದು, ಇನ್ನೂರು ಜನವೂ ಹಸಿದಿದ್ದರಂತೆ, ಹೊಂಡದ ಸಾವಿಗೆ ಅತ್ತವರು ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡರಂತೆ.

ಜಯಶೀಲ ಹಾಗೇ ಮಲಗಿದ್ದಳು. ಅವಳ ಕೈ ಹಿಡಿದು ಕೂತೆ. ಹೊಂಡಕ್ಕೆ ಹೊಟ್ಟೆ ತುಂಬಿದ ಮಾತ್ರಕ್ಕೆ ಹೋದ ರಕ್ತ ತಿರುಗಿ ಬರುತ್ತದೆಯೇ ಎಂಬ ಭಯ ನನ್ನನ್ನು ಹಿಂಡುತ್ತಿತ್ತು. ಬರಲಿಲ್ಲ, ಒಂದೇ ದಿನಕ್ಕೆ ಬರಲಿಲ್ಲ. ಮಾರನೇ ದಿನ ಪಾರ್ವತಕ್ಕ ಗಡಿಕಲ್ಲಿನ ಆಚೆಯಿಂದ ಹೊಸ ಗುಳಿಗೆ ತಂದಳು, ಡಬ್ಬಿ ತೆಗೆದಾಗ ಅವು ಕೆಂಪಾಗಿಯೇ ಇದ್ದವು. ಐದನೇ ದಿನಕ್ಕೆ ರೆಪ್ಪೆಯೊಳಗೆ ದಾಳಿಂಬೆ ಹೂವಿನಷ್ಟಲ್ಲದಿದ್ದರೂ ಒಂದು ಚೂರು ಬಣ್ಣ ಬಂತು. ಹದಿನೆಂಟನೇ ದಿನ ಹೆರಿಗೆಯಾಯಿತು. ಹೆಣ್ಣು, ಮೊಲದ ಮರಿಯಷ್ಟು ಸಣ್ಣದು. ಆದರೆ ಅತ್ತಾಗ ಮುಖ ಕೆಂಪಗಾಯಿತು. ಪಾರ್ವತಕ್ಕ ಅದನ್ನು ನನ್ನ ಕೈಗೆ ಕೊಟ್ಟು ತಾನೂ ಅತ್ತಳು.

ಏಳೆಂಟು ತಿಂಗಳಿಗೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬಂತು. ಸಮ್ಮೇಳನದ ಪ್ರಬಂಧಗಳು. ಕಳಿಸಿದವರ ಹೆಸರಿರಲಿಲ್ಲ, ಆದರೆ ಒಂದು ಪುಟಕ್ಕೆ ಗುರುತಿನ ಚೀಟಿ ಇಟ್ಟು ಅದರಲ್ಲಿ 'ಮಜ್ಜಿಗೆ ಚೆನ್ನಾಗಿತ್ತು, ಕ್ಷಮಿಸಿ' ಎಂದಷ್ಟೇ ಕನ್ನಡದಲ್ಲಿ ಬರೆದಿತ್ತು. ಆ ಪುಟದ ತುಂಬ ಜಯಶೀಲಳ ಬಿಳಿಯ ಕಣ್ಣು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನು ಮೆಲ್ಲಗೆ ಓದಿ ಕನ್ನಡದಲ್ಲಿ ಹೇಳಿದಳು.

"'ಸ್ಥಳೀಯರ ಅಡಚಣೆಯಿಂದ ಈ ಮಾದರಿ ಕೊನೆಯ ಹಂತದಲ್ಲಿ ಹಾಳಾಯಿತು' ಅಂತ ಬರ್ದವ್ರೆ ಕಣವ್ವ. ಮಾದರಿ ಅಂದ್ರೆ ನಾನಾ?"

"ಹೂಂ, ನೀನೇ," ಅಂದೆ. "ಕೊನೆಗೂ ಸಾಯ್ಲಿಲ್ಲವಲ್ಲ, ಅದುಕ್ಕೆ ಹಾಳಾದೆ."

ಪುಸ್ತಕದ ಕಾಗದ ಒಳ್ಳೆಯದಿತ್ತು, ದಪ್ಪ, ನುಣುಪು, ಅಂಗಿಯ ಅಳತೆಗೆ ಕತ್ತರಿಸಲು ಹೇಳಿ ಮಾಡಿಸಿದ ಹಾಗೆ. ಮಿಷನ್ನು ಹೋದ ಮೇಲೆ ನಾನು ಎಲ್ಲವನ್ನೂ ಕೈಯಲ್ಲೇ ಹೊಲಿಯುತ್ತೇನೆ. ಆ ಪುಟವನ್ನೂ ಅದರ ಅಕ್ಕಪಕ್ಕದವನ್ನೂ ಹರಿದು ನೆಲದ ಮೇಲೆ ಹರಡಿ, ಮಗುವನ್ನು ಅದರ ಮೇಲೆ ಮಲಗಿಸಿ, ಹೊಸ ಕತ್ತರಿಯಿಂದ ಅವಳ ಅಂಗಿಯ ಅಳತೆಗೆ ತೋಳು ಬಿಟ್ಟು ಕತ್ತರಿಸಿದೆ. ಆಮೇಲೆ ಸೂಜಿಯನ್ನು ಬೆಳಕಿಗೆ ಹಿಡಿದೆ. ಕಣ್ಣು ನಿನ್ನೆಯಷ್ಟೇ ಇತ್ತು. ದಾರ ಪೋಣಿಸಿ ಹೊಲಿಯಲು ಕೂತೆ.